ಮುತ್ತಜ್ಜಿಯ ಕೆನ್ನೆ ಕಪ್ಪಾಗಿದ್ದು ಯಾಕೆ?

ಮೂರು ವಾರ ತಲೆ ತಿಂದ ಗಾಜಿನ ಫೋಟೋ ಪ್ಲೇಟು (ಹಳೇ ಕಾಲದ ನೆಗೆಟಿವ್) ನಿನ್ನೆ ಗುಟ್ಟು ಬಿಟ್ಟುಕೊಟ್ಟಿತು!

ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ನವನಗರಕ್ಕೆ ಬಂದ ಟ್ರಂಕಿನಲ್ಲಿದ್ದ ಪ್ಲೇಟು ಇದು. ಮದುವೆ ದಿನ ಅಂಗಳದಲ್ಲಿ ತೆಗೆಸಿದ್ದು. ಮುತ್ತಜ್ಜ ಕುರ್ಚಿಯಲ್ಲಿ, ಮುತ್ತಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ. ಲಕೋಟೆ ಮೇಲೆ ಅವನ ಹೆಸರು, ಮುಂದೆ 'ಮತ್ತು ಕುಟುಂಬ'. ಅಷ್ಟೇ. ಅವಳ ಹೆಸರಿಲ್ಲ.

ತೊಳೆದಿದ್ದು, ಒಣಗಿಸಿದ್ದು ಬಿಡಿ. ಪ್ರಿಂಟ್ ಹಾಕುವಾಗ ತಕರಾರು ಮುಖದ್ದು. ಮುತ್ತಜ್ಜನ ಮುಖ ಸರಿ ಬಂದರೆ ಇವಳದು ಇದ್ದಿಲು. ಇವಳದು ಸರಿ ಮಾಡಿದರೆ ಅವನ ರುಮಾಲೇ ಮಾಯ. ಪ್ರಿಂಟ್ ಕಾಗದದ ಕಾಟ ಬೇರೆ. ತರಿಸಿದ ಪ್ಯಾಕೆಟ್ಟಿನಲ್ಲಿ ಅರ್ಧ ಮೊದಲೇ ಬೆಳಕು ತಗುಲಿ ಫಾಗ್ ಆಗಿತ್ತು. ಮಾರಿದವರನ್ನು ಕೇಳಿದರೆ, "ನಿಮ್ಮ ಡಾರ್ಕ್‌ರೂಮಿನಲ್ಲೇ ಬೆಳಕು ಸೋರ್ತಿರಬೇಕು" ಅಂದರು. ಸಿಟ್ಟು ಬರುತ್ತೆ, ಅಲ್ವಾ?

ನಿನ್ನೆ ಪ್ರಿಂಟಿಗೆ ಭೂತಗನ್ನಡಿ ಹಿಡಿದೆ. ಕೆನ್ನೆ ಕಪ್ಪು, ಕುತ್ತಿಗೆ ತಿಳಿ. ನಡುವೆ ದವಡೆಗುಂಟ ಬೆರಳಲ್ಲಿ ಎಳೆದಂಥ ಗೆರೆ! ನಮ್ಮ ಅತ್ತೆಗೆ (ನಾವು ಅತ್ತಿ ಅಂತೀವಿ) ತೋರಿಸಿದೆ. "ಅರಿಷಿಣ ಅಲ್ಲೇನೋ ಅದು? ಮದುಮಗಳಿಗೆ ಕೆನ್ನಿ ತುಂಬ ಹಚ್ಚೇ ಹೊರಗ ಕರಕೊಂಡ ಬರತಿದ್ರು" ಅಂದಳು.

ಹಳೇ ಸಾದಾ ಪ್ಲೇಟಿಗೆ ಕಾಣುವುದು ನೀಲಿ ಬೆಳಕು ಮಾತ್ರ. ಹಳದಿ, ಕೆಂಪು ಎರಡೂ ಕಪ್ಪು. ಅರಿಶಿನ ಕಲಸಿ ನನ್ನ ಎಡಗೆನ್ನೆಗೆ ಮೆತ್ತಿಕೊಂಡೆ. ಫೋನಲ್ಲಿ ಫೋಟೋ ತೆಗೆದು ನೀಲಿ ಚಾನೆಲ್, ಅಂದರೆ ನೀಲಿ ಬೆಳಕಿನ ಭಾಗ, ಒಂದನ್ನೇ ಉಳಿಸಿದೆ. ಎಡಗೆನ್ನೆ ಇದ್ದಿಲು, ಬಲಗೆನ್ನೆ ನನ್ನದೇ ಬಣ್ಣ. ಅತ್ತಿಯ ಇಳಕಲ್ ಸೀರೆಯನ್ನೂ ಹಾಗೇ ನೋಡಿದೆ. ಕೆಂಪು ಸೆರಗು ಪೂರಾ ಕಪ್ಪು, ಅದರಲ್ಲಿ ತೋಪು ತೆನಿ ವಿನ್ಯಾಸದ ಬಿಳಿ ಹಲ್ಲುಗಳು. ಪ್ಲೇಟಿನ ಪ್ರಿಂಟಿನಲ್ಲೂ ಥೇಟ್ ಹಾಗೇ. ಹಸಿರು ಬಳೆಯೂ ಕಪ್ಪು. ಹಸಿರನ್ನೂ ಕಾಣುವ ಆರ್ಥೋಕ್ರೋಮ್ಯಾಟಿಕ್ ಪ್ಲೇಟಾಗಿದ್ದರೆ ಹಸಿರು, ಹಳದಿ ಎರಡೂ ಇಷ್ಟು ಕಪ್ಪಾಗುತ್ತಿರಲಿಲ್ಲ.

"ಆಯಿ ಕಪ್ಪಿದ್ದಳು, ಪುಣ್ಯಕ್ಕೆ ಒಳ್ಳೇ ಮನಿ ಸಿಕ್ತು." ಮುತ್ತಜ್ಜಿ ಬಗ್ಗೆ ನಾವೆಲ್ಲ ಈ ಮಾತು ಕೇಳುತ್ತಲೇ ಬೆಳೆದವರು. ಅವಳದು ಇದೊಂದೇ ಫೋಟೋ. ಮುತ್ತೈದೆತನಕ್ಕೆ ಅಂತ ಹಚ್ಚಿದ ಅರಿಶಿನ ಅವಳಿಗೆ ಇಷ್ಟು ವರ್ಷ ಈ ಮಾತು ಅಂಟಿಸಿತ್ತು. ನನಗೆ ತುಂಬಾ ಸಂಕಟವಾಯಿತು.

ಎರಡು ಪ್ರಿಂಟ್ ಹಾಕಿದೆ. ಒಂದು ಇದ್ದ ಹಾಗೇ. ಇನ್ನೊಂದರಲ್ಲಿ ತಂತಿಗೆ ಹತ್ತಿ ಸುತ್ತಿ, ಕೆನ್ನೆಗೆ 4 ಸೆಕೆಂಡ್ ಬೆಳಕು ತಡೆದೆ. ಬೆಳಕು ಕಡಿಮೆ ಬಿದ್ದಷ್ಟೂ ಪ್ರಿಂಟ್ ತಿಳಿ. ಕುತ್ತಿಗೆಗೆ ಹೊಂದುವಷ್ಟು ಮಾತ್ರ, ಜಾಸ್ತಿ ಇಲ್ಲ.

ಚಳಿಗಾಲಕ್ಕೆ ನಾನೇ ಗಾಜಿಗೆ ಜೆಲಟಿನ್ ಲೇಪ ಬಳಿದು ಪ್ಲೇಟ್ ಮಾಡುವವನಿದ್ದೇನೆ. ಈ ಬಿಸಿಲಲ್ಲಿ ಜೆಲಟಿನ್ ಗಟ್ಟಿಯಾಗೋದಿಲ್ಲ. ಮೊದಲ ಪ್ಲೇಟಿಗೆ ಅತ್ತಿ, ಅದೇ ಇಳಕಲ್ ಸೀರೆಯಲ್ಲಿ. ಕುರ್ಚಿ ಅವಳಿಗೇ ಬೇಕಂತೆ.