ಕೋಡ್ ನೋಡಿ ಟೆಸ್ಟ್ ಬರೆಯಬೇಡಿ

ನಮ್ಮ ಟೀಮಿನ ಹುಡುಗಿಯೊಬ್ಬಳ ಅಪ್ರೈಸಲ್‌ನಲ್ಲಿ ಈ ಸಲ ಒಂದು ಸಾಲು ಬಂದಿದೆ: ರಿಲೀಸ್ ತಡವಾಗಲು ಇವರೇ ಕಾರಣ. ಅವಳು ಗೋಕಾಕದವಳು, ಓದಿದ್ದು ಇಲ್ಲೇ ಬೆಳಗಾವಿಯಲ್ಲಿ. ವಿಮಾನದ ಸಾಫ್ಟ್‌ವೇರ್ ಪರೀಕ್ಷಿಸುವ ವೆರಿಫಿಕೇಶನ್ ಕೆಲಸಕ್ಕೆ ಹೊಸಬಳು. ರಿಲೀಸ್ ತಡವಾಗಿದ್ದು ನಿಜ. ಆದರೆ ತಡವಾಗಲೇಬೇಕಿತ್ತು. ಯಾಕೆ ಅಂತ ಹೇಳದೆ ನನಗೆ ಸಮಾಧಾನವಿಲ್ಲ.

ಅದು ಲೆವೆಲ್ ಎ ಸಾಫ್ಟ್‌ವೇರ್. ಕೈಕೊಟ್ಟರೆ ವಿಮಾನವೇ ಬೀಳಬಹುದು ಅನ್ನುವ ದರ್ಜೆ. ವಿಮಾನ ಸಾಫ್ಟ್‌ವೇರಿನ ಸ್ಟ್ಯಾಂಡರ್ಡ್ ಡಿಒ-178ಸಿ ಪ್ರಕಾರ ಎಂಸಿ/ಡಿಸಿ ಕವರೇಜ್ ಬೇಕು, ಅಂದರೆ ಕೋಡಿನ ಪ್ರತಿ ಷರತ್ತೂ ತಾನೊಂದೇ ನಿರ್ಧಾರ ಬದಲಿಸಬಲ್ಲದು ಅಂತ ಟೆಸ್ಟ್‌ಗಳು ತೋರಿಸಬೇಕು. ಕೋಡ್ ಬರೆದವರೇ ಅದನ್ನು ವೆರಿಫೈ ಮಾಡುವಂತಿಲ್ಲ. ಅವಳ ಪಾಲಿಗೆ ಬಂದಿದ್ದು ಸೆನ್ಸರ್ ಮಾನಿಟರ್. ರಿಕ್ವೈರ್‌ಮೆಂಟ್, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವ ಬರಹ, ಚಿಕ್ಕದು: ಎರಡು ಸೆನ್ಸರ್‌ಗಳ ನಡುವಿನ ವ್ಯತ್ಯಾಸ 500 ಮಿಲಿಸೆಕೆಂಡ್ ಹೊತ್ತು ಮಿತಿ ಮೀರಿಯೇ ಇದ್ದರೆ ಡೇಟಾ ಇನ್‌ವ್ಯಾಲಿಡ್ ಮಾಡಬೇಕು. ಫ್ರೇಮ್, ಅಂದರೆ ಕೋಡ್ ಒಂದು ಸುತ್ತು ಓಡುವ ಅವಧಿ, 20 ಮಿಲಿಸೆಕೆಂಡಿನದು. ಹಾಗಾಗಿ ಕೋಡ್ 25 ಕೆಟ್ಟ ಫ್ರೇಮ್ ಎಣಿಸುತ್ತದೆ. ನಡುವೆ ಒಂದು ಒಳ್ಳೆ ಫ್ರೇಮ್ ಬಂದರೆ ಕೌಂಟರ್ ಮತ್ತೆ ಸೊನ್ನೆ.

ಹಳೆ ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ದವು, ಕವರೇಜ್ ನೂರಕ್ಕೆ ನೂರು. ಅವಳು ಕೋಡ್ ತೆರೆಯದೆ ರಿಕ್ವೈರ್‌ಮೆಂಟ್ ಮಾತ್ರ ಓದಿ ಒಂದು ಕೇಸ್ ಬರೆದಳು: 24 ಕೆಟ್ಟ ಫ್ರೇಮ್, ಒಂದು ಒಳ್ಳೆಯದು, ಮತ್ತೆ 24 ಕೆಟ್ಟವು, ಹೀಗೇ ಮುಂದುವರಿದರೆ? ಎಕ್ಸ್‌ಪೆಕ್ಟೆಡ್ ರಿಸಲ್ಟ್ ಜಾಗ ಖಾಲಿ ಬಿಟ್ಟು ಕ್ವೆರಿ ಹಾಕಿದಳು.

ಅವತ್ತು ಶುಕ್ರವಾರ. ಸೋಮವಾರ ಎಸ್‌ಒಐ-3, ಅಂದರೆ ವೆರಿಫಿಕೇಶನ್ ಕೆಲಸ ಪರಿಶೀಲಿಸುವ ಆಡಿಟ್. ಯಾವ ರಿಕ್ವೈರ್‌ಮೆಂಟಿಗೆ ಯಾವ ಟೆಸ್ಟ್ ಅಂತ ತೋರಿಸುವ ಟ್ರೇಸ್ ಶೀಟಿನಲ್ಲಿ ಕೆಂಪಾಗಿ ಉಳಿದದ್ದು ಅದೊಂದೇ ಸಾಲು. ಮ್ಯಾನೇಜರ್ ಅವಳ ಕುರ್ಚಿಯ ಹಿಂದೆ ಬಂದು ನಿಂತರು. "ಕೋಡ್ ಓಡಿಸಿ ಏನ್ ಬರ್ತದ ನೋಡು. ಅದನ್ನ ತುಂಬಿ ಕ್ಲೋಸ್ ಮಾಡವ್ವಾ," ಅಂದರು.

ಅವಳು ತಿರುಗಿ ನೋಡಿದಳು. ದನಿ ಸಣ್ಣದು, ಆದರೆ ಗಟ್ಟಿಯಾಗಿತ್ತು. "ಸರ್, ನಡಕ್ ಒಂದ್ ಫ್ರೇಮ್ ಛಲೋ ಬಂದ್ರ ಏನ್ ಮಾಡ್ಬೇಕಂತ ರಿಕ್ವೈರ್‌ಮೆಂಟ್‌ನ್ಯಾಗ ಇಲ್ರಿ. ಕೋಡ್ ಹೇಳಿದ್ದನ್ನ ಬರದ್ರ ನಾ ಟೆಸ್ಟ್ ಮಾಡಿದಂಗ ಹೆಂಗ ಆಗ್ತದ್ರಿ?"

ಯಾರೂ ಮಾತಾಡಲಿಲ್ಲ. ಇಲ್ಲೇ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೇ ಮಷಿನ್ ಶಾಪಿಗೆ ಹೋಗಿ ಕೇಳಿ. ಡ್ರಾಯಿಂಗ್ ನೋಡಿ ಗೇಜ್ ಮಾಡ್ತಾರೆ. ತಯಾರಾದ ಪಾರ್ಟ್ ಅಳೆದು ಅದಕ್ಕೆ ಸರಿಯಾಗಿ ಗೇಜ್ ಮಾಡಿದರೆ ಎಲ್ಲ ಪಾರ್ಟೂ ಪಾಸ್ ಆಗ್ತದೆ, ಅಲ್ವಾ? ಅವಳು ಕೇಳಿದ್ದೂ ಅದನ್ನೇ.

ನಾನು ಕ್ಲೈಂಟ್ ಕಡೆಯ ಸಿಸ್ಟಮ್ಸ್ ಇಂಜಿನಿಯರಿಗೆ ಕಾಲ್ ಹಾಕಿದೆ. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. ಆಡಿಟ್ ಮುಂದಿಟ್ಟುಕೊಂಡು ಕ್ಲೈಂಟಿಗೆ ಯಾಕೆ ಹೇಳೋದು ಅನ್ನುವುದು ಅವರ ವಾದ. ಕಾಲ್‌ನಲ್ಲಿ ಮೊದಲು ಬಂದ ಉತ್ತರವೂ ಹಾಗೇ ಇತ್ತು: ಸೆನ್ಸರ್ ಕೆಟ್ಟರೆ ಕೆಟ್ಟೇ ಇರುತ್ತದೆ, ಇಷ್ಟು ಲೆಕ್ಕ ಹಾಕಿ ಬಂದು ಹೋಗುವುದಿಲ್ಲ.

ಆಗ ನಾನು ಕ್ವಾಂಟಸ್ 72 ನೆನಪಿಸಿದೆ. 2008ರ ಅಕ್ಟೋಬರ್ 7, ಸಿಂಗಪುರದಿಂದ ಪರ್ತ್‌ಗೆ ಹೊರಟಿದ್ದ ಏರ್‌ಬಸ್ ಎ330. ವೇಗ, ಎತ್ತರದಂಥ ಡೇಟಾವನ್ನು ಕಂಪ್ಯೂಟರಿಗೆ ಕೊಡುವ ಮೂರು ಎಡಿಐಆರ್‌ಯು ಘಟಕಗಳಲ್ಲಿ ಒಂದು, ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಇರುವ ಕೋನ) ಡೇಟಾದಲ್ಲಿ ತಪ್ಪು ಸ್ಪೈಕ್ ಕಳಿಸುತ್ತಿತ್ತು. ಸ್ಪೈಕ್ ಬಂದರೆ ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್ ಹಿಂದಿನ ಒಳ್ಳೆ ಬೆಲೆಯನ್ನೇ 1.2 ಸೆಕೆಂಡ್ ಹಿಡಿದುಕೊಳ್ಳುತ್ತಿತ್ತು. ಒಳ್ಳೆ ಯೋಚನೆಯೇ. ಆದರೆ ಮುಂದಿನ ಸ್ಪೈಕ್ ಸರಿಯಾಗಿ 1.2 ಸೆಕೆಂಡ್ ಬಿಟ್ಟು ಬಂತು. ಹಿಡಿತ ಮುಗಿದ ಕ್ಷಣಕ್ಕೇ ಬಂದಿದ್ದರಿಂದ ಕಂಪ್ಯೂಟರ್ ಅದನ್ನು ನಿಜವೆಂದೇ ತೆಗೆದುಕೊಂಡಿತು. ವಿಮಾನ ಮೂಗು ಕೆಳಗೆ ಮಾಡಿ ಬಗ್ಗಿತು. ಬೆಲ್ಟ್ ಹಾಕದವರು ಸೀಲಿಂಗಿಗೆ ಬಡಿದರು. ನೂರಕ್ಕೂ ಜಾಸ್ತಿ ಜನರಿಗೆ ಗಾಯ. ಪೈಲಟ್‌ಗಳು ಆಸ್ಟ್ರೇಲಿಯಾದ ಲಿಯರ್‌ಮಂತ್‌ನಲ್ಲಿ ಇಳಿಸಿದರು.

ಆ ಕಡೆ ಮೌನ. ಕೀಬೋರ್ಡ್ ಸದ್ದು ಮಾತ್ರ ಕೇಳುತ್ತಿತ್ತು. ಮ್ಯಾನೇಜರ್ ಗೋಡೆಯ ಗಡಿಯಾರ ನೋಡುತ್ತಿದ್ದರು. ಹುಡುಗಿ ತನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದ ಫ್ರೇಮ್‌ಗಳ ಗೀಟುಗಳನ್ನು ಪೆನ್ನಿನಿಂದ ಮತ್ತೆ ಎಣಿಸುತ್ತಿದ್ದಳು. ಇಪ್ಪತ್ನಾಲ್ಕು ಗೀಟು, ಒಂದು ಸೊನ್ನೆ, ಇಪ್ಪತ್ನಾಲ್ಕು ಗೀಟು. ಕೊನೆಗೆ ಆ ಕಡೆಯಿಂದ ಬಂದ ಮಾತು ಇಷ್ಟೇ: "ಪಿಆರ್ ಹಾಕಿ." ಪಿಆರ್ ಅಂದರೆ ಪ್ರಾಬ್ಲಮ್ ರಿಪೋರ್ಟ್, ದೋಷದ ದಾಖಲೆ.

ರಿಕ್ವೈರ್‌ಮೆಂಟ್ ಬದಲಾಯಿತು. ಈಗ ಒಳ್ಳೆ ಫ್ರೇಮ್ ಬಂದರೆ ಕೌಂಟರ್ ಸೊನ್ನೆಗೆ ಹೋಗುವುದಿಲ್ಲ, ಒಂದೇ ಮೆಟ್ಟಿಲು ಇಳಿಯುತ್ತದೆ. ಕೋಡ್ ಬದಲಾಯಿತು, ಬೇಸ್‌ಲೈನ್ ಬದಲಾಯಿತು, ರಿಗ್ರೆಶನ್, ಅಂದರೆ ಹಳೆ ಟೆಸ್ಟ್‌ಗಳ ಸರಣಿ, ಪೂರ್ತಿ ಮತ್ತೆ ಓಡಿತು. ಆಡಿಟ್ ಮುಂದಕ್ಕೆ ಹೋಯಿತು. ಅಪ್ರೈಸಲ್ ಬರೆದವರಿಗೆ ಕಂಡಿದ್ದು ಇದೊಂದೇ.

ಎಂಸಿ/ಡಿಸಿ ನೂರು ಬಂತು ಅಂದರೆ ಬರೆದ ಕೋಡನ್ನು ಪೂರ್ತಿ ಮುಟ್ಟಿದ್ದೇವೆ ಅಂತ ಅಷ್ಟೇ. ಬರೆಯದೇ ಬಿಟ್ಟದ್ದನ್ನು ಅದು ತೋರಿಸುವುದಿಲ್ಲ. ಟೆಸ್ಟ್ ಕೇಸ್ ರಿಕ್ವೈರ್‌ಮೆಂಟ್‌ನಿಂದ ಹುಟ್ಟಬೇಕು, ಆಮೇಲೆ ಕವರೇಜ್ ನೋಡಬೇಕು ಅಂತ ಸ್ಟ್ಯಾಂಡರ್ಡ್ ಹೇಳುವುದು ಸುಮ್ನೆ ಅಲ್ಲ. ಟೂಲ್ ತೋರಿಸುವ ಹಸಿರು ಬಣ್ಣಕ್ಕೆ ಮ್ಯಾನೇಜ್‌ಮೆಂಟ್ ಕೊಡುವ ಬೆಲೆಯಲ್ಲಿ ಅರ್ಧದಷ್ಟಾದರೂ ಖಾಲಿ ಬಿಟ್ಟ ಆ ಒಂದು ಜಾಗಕ್ಕೆ ಕೊಡಬೇಕು.

ಅಪ್ರೈಸಲ್‌ನ ಸಾಲು ತೆಗೆಯಿರಿ ಅಂತ ಲಿಖಿತವಾಗಿ ಕೊಟ್ಟಿದ್ದೇನೆ, ಪಿಆರ್ ನಂಬರ್ ಸಮೇತ. ಉತ್ತರ ಬಂದಿಲ್ಲ. ಟೀಮಿನಲ್ಲಿ ಮಾತ್ರ ಒಂದು ಕಟ್ಟುನಿಟ್ಟು ತಂದಿದ್ದೇವೆ. ಟೆಸ್ಟ್ ಕೇಸ್ ರಿವ್ಯೂ ಮುಗಿಯುವವರೆಗೆ ಬರೆಯುವವರಿಗೆ ಸೋರ್ಸ್ ಕೋಡ್ ಆಕ್ಸೆಸ್ ಇಲ್ಲ. ಸಮಯದ ಮಿತಿ ಇರುವ ಪ್ರತಿ ರಿಕ್ವೈರ್‌ಮೆಂಟಿಗೂ, ಬಿಟ್ಟುಬಿಟ್ಟು ಬರುವ ಫಾಲ್ಟ್‌ನ ಕೇಸ್ ಕಡ್ಡಾಯ. ಹಳೆ ಮಾಡ್ಯೂಲ್‌ಗಳಲ್ಲೂ ಹುಡುಕುತ್ತಿದ್ದೇವೆ. ಅದಕ್ಕೆ ಗಂಟೆ ಬುಕ್ ಮಾಡಲು ಚಾರ್ಜ್ ಕೋಡ್ ಇನ್ನೂ ಸಿಕ್ಕಿಲ್ಲ.