ಟಿಕ್ ಹಾಕುವ ಮುನ್ನ ಗುಂಡಿ ಒತ್ತಿ ನೋಡಿ

ಮೆಷಿನ್ನಿಗೆ ರಕ್ಷಣೆಯ ಗಾರ್ಡ್ ಇದೆಯೇ? ಇದೆ. ಎಮರ್ಜೆನ್ಸಿ ಸ್ಟಾಪ್ ಇದೆಯೇ? ಇದೆ. ಕಾರ್ಖಾನೆಯ ಸುರಕ್ಷತಾ ತಪಾಸಣೆಯಲ್ಲಿ ಇಂಥ ಪ್ರಶ್ನೆಗಳ ಚೆಕ್‌ಲಿಸ್ಟನ್ನು ಕೂತ ಕುರ್ಚಿಯಿಂದ ಏಳದೆ ತುಂಬಬಹುದು, ತುಂಬುವವರೂ ಉಂಟು. ಒಂದು ಅಳತೆಯನ್ನೋ, ಮಾಡಿ ನೋಡಿದ ಪರೀಕ್ಷೆಯನ್ನೋ ಕೇಳದ ಪ್ರಶ್ನೆ ತಪಾಸಣೆಯ ಹಾಳೆಯಲ್ಲಿ ಇದ್ದೂ ಇಲ್ಲದಂತೆ.

ತಿರುಗುವ ಚಕ್ರದಿಂದ ಲೋಹ ಉಜ್ಜುವ ಬೆಂಚ್ ಗ್ರೈಂಡರನ್ನೇ ತೆಗೆದುಕೊಳ್ಳಿ. ಉಜ್ಜುವ ತುಂಡನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟ್‌ಗೂ ಚಕ್ರಕ್ಕೂ ನಡುವಿನ ಸಂದು 3 ಮಿ.ಮೀ. ಮೀರಬಾರದು, ಮೇಲಿನ ಗಾರ್ಡಿನ ನಾಲಗೆಗೂ ಚಕ್ರಕ್ಕೂ ನಡುವೆ 6 ಮಿ.ಮೀ. ಹೊಸ ಚಕ್ರ ಕೂರಿಸಿದ ದಿನ ಎಲ್ಲವೂ ಸರಿಯಾಗಿರುತ್ತದೆ. ಚಕ್ರ ಸವೆದಂತೆ, ಯಾರೂ ಏನನ್ನೂ ಮುಟ್ಟದಿದ್ದರೂ, ಸಂದು ಅಗಲವಾಗುತ್ತ ಹೋಗುತ್ತದೆ. ಉಜ್ಜುತ್ತಿರುವ ತುಂಡು ಅದರೊಳಗೆ ಸಿಕ್ಕಿಕೊಂಡರೆ ಬೆರಳೂ ಹೋಗಬಹುದು, ಚಕ್ರವೂ ಸಿಡಿಯಬಹುದು. ಆದ್ದರಿಂದ ಪ್ರಶ್ನೆ ‘ರೆಸ್ಟ್ ಇದೆಯೇ’ ಎಂದಲ್ಲ, ‘ಸಂದು ಎಷ್ಟು ಮಿ.ಮೀ.’ ಎಂದಿರಬೇಕು. ಮೆಷಿನ್ನಿನ ಕರೆಂಟ್ ತೆಗೆದು, ಚಕ್ರ ಪೂರ್ತಿ ನಿಂತ ಮೇಲೆ 3 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ಭಾಗವನ್ನು ಸಂದಿಗೆ ಹಿಡಿಯಿರಿ. ಅಲುಗಾಡುವಷ್ಟು ಸಡಿಲವಾಗಿ ಹೋದರೆ ರೆಸ್ಟನ್ನು ಹತ್ತಿರಕ್ಕೆ ಸರಿಸಬೇಕು. ಚಕ್ರದ ಮೇಲೆ ಅಚ್ಚಾಗಿರುವ ಗರಿಷ್ಠ ಆರ್‌ಪಿಎಂ ಮೆಷಿನ್ನಿನ ಆರ್‌ಪಿಎಂಗಿಂತ ಕಡಿಮೆ ಇಲ್ಲವಷ್ಟೇ ಎಂಬುದನ್ನೂ ಆಗಲೇ ಓದಿಬಿಡಿ.

ಎಮರ್ಜೆನ್ಸಿ ಸ್ಟಾಪ್‌ಗೂ ಇದೇ ನ್ಯಾಯ. ಆಪರೇಟರ್‌ಗೆ ಹೇಳಿ, ಮೆಷಿನ್ ಖಾಲಿ ಓಡುವಾಗ ಒತ್ತಿ. ಮೆಷಿನ್ ನಿಲ್ಲಬೇಕು, ಗುಂಡಿ ಒಳಗೇ ಕಚ್ಚಿಕೊಂಡಿರಬೇಕು. ತಿರುಗಿಸಿ ಬಿಡಿಸಿದಾಗ ಮೆಷಿನ್ ತಾನಾಗಿ ಶುರುವಾದರೆ ಅದು ದೊಡ್ಡ ದೋಷ. ಸ್ಟಾರ್ಟ್ ಗುಂಡಿ ಬೇರೆಯಾಗಿ ಒತ್ತಿದ ಮೇಲೆಯೇ ಓಡಬೇಕು. ಗಾರ್ಡ್ ತೆಗೆದರೆ ಮೆಷಿನ್ ನಿಲ್ಲಿಸುವ ಇಂಟರ್‌ಲಾಕ್ ಸ್ವಿಚ್ ಇದ್ದರೆ ಗಾರ್ಡ್ ತೆಗೆದು ನೋಡಿ, ಗಾರ್ಡ್ ಇಲ್ಲದೆಯೂ ಓಡಲಿ ಎಂದು ಸ್ವಿಚ್ಚಿಗೆ ಯಾರಾದರೂ ಮ್ಯಾಗ್ನೆಟ್ ಅಂಟಿಸಿದ್ದಾರೆಯೇ ಎಂದೂ ಬಗ್ಗಿ ನೋಡಿ. ಅಂಟಿಸಿದ್ದರೆ ‘ಕಾರ್ಮಿಕರಿಗೆ ತಿಳಿವಳಿಕೆ ನೀಡಬೇಕು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಒಂದು ಶಿಫ್ಟಿನಲ್ಲಿ ಇಪ್ಪತ್ತು ಸಲ ಮಾಲು ಸಿಕ್ಕಿಕೊಳ್ಳುವ ಮೆಷಿನ್ನಿನಲ್ಲಿ ಇಪ್ಪತ್ತು ಸಲವೂ ಗಾರ್ಡ್ ತೆಗೆದು ಹಾಕುವ ತಾಳ್ಮೆ ಯಾರಿಗಿದೆ? ಮಾಲು ಏಕೆ ಸಿಕ್ಕಿಕೊಳ್ಳುತ್ತಿದೆ ಎಂಬುದೇ ಅಲ್ಲಿ ಬರೆಯಬೇಕಾದ ಅಂಶ.

ಬೆಂಕಿ ಆರಿಸುವ ಸಿಲಿಂಡರಿನಲ್ಲಿ ಪಿನ್, ಸೀಲ್, ಪೈಪಿನ ಬಾಯಿ, ಗೇಜಿನ ಮುಳ್ಳು ಹಸಿರಿನಲ್ಲಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜೇ ಇರುವುದಿಲ್ಲ. ಅದು ತುಂಬಿದೆಯೇ ಎಂದು ತೂಕ ಮಾಡಿಯೇ ತಿಳಿಯಬೇಕು.

ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಸುತ್ತು ಬಂದರೆ ಕಾಣುವುದು ಮಂಗಳವಾರ ಹನ್ನೊಂದರ ಕಾರ್ಖಾನೆ ಮಾತ್ರ. ರಾತ್ರಿ ಪಾಳಿ, ಶಿಫ್ಟ್ ಬದಲಾಗುವ ಹೊತ್ತು, ಮೆಷಿನ್ ತೊಳೆಯುವ ಮತ್ತು ರಿಪೇರಿಗೆ ಬಿಚ್ಚಿದ ದಿನ, ಇವೂ ಸುತ್ತಿನಲ್ಲಿ ಸೇರಬೇಕು.

ಇನ್ನು ಅಂಕಿಗಳು. ಕೆಲಸಕ್ಕೆ ಬರಲಾಗದಂಥ ಗಾಯಗಳ ಸಂಖ್ಯೆಯನ್ನು 10,00,000ದಿಂದ ಗುಣಿಸಿ, ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಬರುವುದೇ ಎಲ್‌ಟಿಐಎಫ್‌ಆರ್ ಎಂಬ ಗಾಯದ ದರ. ಐವತ್ತು ಜನ ವರ್ಷಕ್ಕೆ ತಲಾ 2,000 ಗಂಟೆ ದುಡಿದರೆ 1,00,000 ಗಂಟೆ. ಒಂದು ಗಾಯವಾದ ವರ್ಷ ದರ 10, ಆಗದ ವರ್ಷ ಸೊನ್ನೆ. ಇಷ್ಟು ಚಿಕ್ಕ ಜಾಗದಲ್ಲಿ ಈ ಏರಿಳಿತ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕೆಲವರು 2,00,000ದಿಂದ ಗುಣಿಸುತ್ತಾರೆ, ಆಗ ಅದೇ ಗಾಯಕ್ಕೆ ದರ 2. ಬೇರೆ ಕಡೆಯ ಅಂಕಿಯೊಡನೆ ಹೋಲಿಸುವ ಮೊದಲು ಅವರು ಯಾವುದರಿಂದ ಗುಣಿಸಿದ್ದಾರೆ ಎಂದು ಕೇಳಿಕೊಳ್ಳಿ.

ಗಾಯದ ದರ ಕಡಿಮೆಯಿದ್ದರೂ ದೊಡ್ಡ ಅಪಾಯ ಒಳಗೇ ಬೆಳೆಯುತ್ತಿರಬಹುದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಸಂಸ್ಕರಣಾಗಾರ ಸ್ಫೋಟಿಸಿ 15 ಮಂದಿ ಸತ್ತರು. ಅಲ್ಲಿನ ಸಂಸ್ಕರಣಾ ಗೋಪುರದಲ್ಲಿ ದ್ರವ ಅಳತೆ ಮೀರಿ ತುಂಬುತ್ತಿದ್ದಾಗ ಮಟ್ಟ ತೋರಿಸುವ ಸಾಧನ ಅದು ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಇನ್ನೊಂದು ಅಲಾರಂ ಬಡಿಯಲೇ ಇಲ್ಲ. ಜಾರಿ ಬಿದ್ದವರ, ಬೆರಳು ಕೊಯ್ದುಕೊಂಡವರ ಲೆಕ್ಕದಲ್ಲಿ ಇಂಥದ್ದು ಎಲ್ಲಿ ಕಾಣಬೇಕು? ಹಾಗಾಗಿ ಅಲಾರಂ ಪರೀಕ್ಷೆಗಳಲ್ಲಿ ಎಷ್ಟು ಬಾಕಿ, ಹೇಳಿದ ದಿನಕ್ಕೆ ಮುಗಿಯದ ರಿಪೇರಿಗಳೆಷ್ಟು ಎಂಬುದನ್ನು ಗಾಯದ ದರದ ಪಕ್ಕದಲ್ಲೇ ಇಡಿ. ನಿಯರ್ ಮಿಸ್, ಅಂದರೆ ಕೂದಲೆಳೆಯಲ್ಲಿ ತಪ್ಪಿದ ಅವಘಡದ ವರದಿಗೆ ಮಾತ್ರ ‘ತಿಂಗಳಿಗೆ ತಲಾ ಎರಡು’ ಎಂಬ ಗುರಿ ಬೇಡ. ಇಟ್ಟರೆ ಲೆಕ್ಕ ತುಂಬಿಸಲು ಬರುವುದು ಬರೀ ‘ನೆಲ ಒದ್ದೆ’ಗಳು.

ಕಂಡದ್ದನ್ನು ಮುಗಿಸುವ ಹಂತದಲ್ಲೇ ಹೆಚ್ಚು ಎಡವುವುದು. ‘ನೆಲದಲ್ಲಿ ಎಣ್ಣೆ: ಒರೆಸಲಾಗಿದೆ’ ಎಂದು ಬರೆದು ಮುಚ್ಚಿದರೆ ಮುಂದಿನ ವಾರ ಎಣ್ಣೆ ಅಲ್ಲೇ ಇರುತ್ತದೆ. ಯಾವ ಹೈಡ್ರಾಲಿಕ್ ಹೋಸಿನ ಯಾವ ಜಾಯಿಂಟ್, ಬದಲಿಸುವವರು ಯಾರು, ಯಾವ ದಿನದೊಳಗೆ, ಅಲ್ಲಿಯವರೆಗೆ ಕೆಳಗೆ ಟ್ರೇ ಇಟ್ಟಿದೆಯೇ, ಇಷ್ಟೂ ಒಂದೇ ಸಾಲಿನಲ್ಲಿ ಬರಬೇಕು. ಕಳಿಸಿದ ಫೋಟೋ ನೋಡಿ ಮುಚ್ಚಬೇಡಿ. ತಿಂಗಳು ಬಿಟ್ಟು ಹೋಗಿ ಜಾಯಿಂಟನ್ನು ಕಾಗದದಿಂದ ಒರೆಸಿ ನೋಡಿ. ಅದೇ ಜಾಗದಲ್ಲಿ ಅದೇ ದೋಷ ಮೂರನೇ ಸಲ ಕಂಡರೆ ಹಾಳೆ ಸೂಪರ್‌ವೈಸರ್ ಬಳಿ ಹೋಗುವ ಬದಲು ದುಡ್ಡಿಗೆ ಸಹಿ ಹಾಕುವವರ ಮೇಜಿಗೆ ಹೋಗಲಿ.