ಮಗುವಿನ ವೈದ್ಯಕೀಯ ಕಡತ: ಊರು ಬಿಡುವ ಮೊದಲು ಕೇಳಿ ಪಡೆಯಬೇಕಾದದ್ದು

ಪತಿಗೆ ವರ್ಗಾವಣೆಯಾಗಿ ನಾವು ಹುಬ್ಬಳ್ಳಿಯಿಂದ ಮೈಸೂರಿಗೆ ಬಂದಾಗ ಗ್ಯಾಸ್ ಸಂಪರ್ಕಕ್ಕೆ, ಪಡಿತರ ಚೀಟಿಗೆ, ಬ್ಯಾಂಕ್ ಖಾತೆಗೆ ಒಂದೊಂದು ಅರ್ಜಿ ನಮೂನೆ ಇತ್ತು, ಕೇಳಿದರೆ ಹೇಳುವವರೂ ಇದ್ದರು. ಇನ್ನೂ ಮೂರು ವರ್ಷ ತುಂಬದ ಮಗಳ ವೈದ್ಯಕೀಯ ದಾಖಲೆಗಳನ್ನು ಹಳೆಯ ವೈದ್ಯರಿಂದ ಹೊಸ ವೈದ್ಯರಿಗೆ ತಲುಪಿಸುವುದಕ್ಕೆ ಮಾತ್ರ ಅಂಥ ಯಾವ ದಾರಿಯೂ ಇರಲಿಲ್ಲ. ನಮ್ಮಲ್ಲಿ ಆ ಕೆಲಸ ಪೂರ್ತಿಯಾಗಿ ತಂದೆತಾಯಿಯರದೇ. ಅದನ್ನು ಮಾಡುವಾಗ ನಾನು ತಿಳಿದುಕೊಂಡದ್ದನ್ನು, ಚಿಕ್ಕ ಮಕ್ಕಳೊಂದಿಗೆ ಊರು ಬದಲಿಸುವವರಿಗೆ ಉಪಯೋಗವಾದೀತೆಂಬ ಭರವಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ನಾವು ತಿಂಗಳುಗಟ್ಟಲೆ ಹೋಗಿಬರುವ ಕ್ಲಿನಿಕ್‌ನಲ್ಲಿ ನಮ್ಮ ಮಗುವಿನ ಪ್ರತ್ಯೇಕ ಕಡತ ಇರಲೇಬೇಕೆಂದಿಲ್ಲ. ವೈದ್ಯರ ವೃತ್ತಿ ನಡವಳಿಕೆಯನ್ನು ನಿರ್ದೇಶಿಸುವ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಾವಳಿಯು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ದಾಖಲೆಗಳನ್ನು ಕಾಪಾಡಬೇಕೆಂದು ಹೇಳುವುದು ಒಳರೋಗಿಗಳ ವಿಷಯದಲ್ಲಿ. ಹೊರರೋಗಿಯಾಗಿ ಹೋದಾಗ ವೈದ್ಯರು ಚೀಟಿ ಬರೆದು ನಮ್ಮ ಕೈಗೆ ಕೊಡುತ್ತಾರೆ, ಎಷ್ಟೋ ಕಡೆ ಅದರ ಇನ್ನೊಂದು ಪ್ರತಿ ಎಲ್ಲಿಯೂ ಉಳಿಯುವುದಿಲ್ಲ. ಹಾಗಾಗಿ ಮನೆಯ ಕಪಾಟಿನಲ್ಲಿರುವ ಆ ಫೈಲೇ ಮಗುವಿನ ಮೂಲ ದಾಖಲೆ.

ಆದರೆ ಆ ಫೈಲಿನಲ್ಲಿ ಏನು ಕೊಟ್ಟರು ಎಂಬುದಿರುತ್ತದೆಯೇ ಹೊರತು ಏಕೆ ಕೊಟ್ಟರು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಮಗಳಿಗೆ ಒಂದೂವರೆ ವರ್ಷದವಳಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಆ ದಿನದ ಚೀಟಿಯಲ್ಲಿ ಇದ್ದದ್ದು ಅವಳ ತೂಕ, ಜ್ವರದ ಔಷಧ ಮತ್ತು ಕ್ಲೋಬಜಾಮ್ ಎಂಬ ಮಾತ್ರೆಯ ಹೆಸರು, ಅಷ್ಟೆ. ಮಗುವನ್ನು ಎಂದೂ ನೋಡಿರದ ವೈದ್ಯರಿಗೆ ಇಂಥ ಚೀಟಿ ತೋರಿಸಿದರೆ ಇದು ಮೂರ್ಛೆರೋಗವೇ, ಮಾತ್ರೆಯನ್ನು ದಿನವೂ ಕೊಡುತ್ತಿದ್ದರೇ, ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಏಕೆ ಮಾಡಿಸಲಿಲ್ಲ ಎಂಬ ಪ್ರಶ್ನೆಗಳು ಏಳುವುದು ಸಹಜ. ಅವುಗಳ ಉತ್ತರವೆಲ್ಲ ಹುಬ್ಬಳ್ಳಿಯ ನಮ್ಮ ಡಾಕ್ಟರ್ ಮೇಡಂ ಅವರ ತಲೆಯಲ್ಲಿತ್ತು. ವರ್ಗಾವಣೆಯ ಸುದ್ದಿ ಹೇಳಿದಾಗ ಅವರೇ, "ನೀವು ಹೋಗೂಕಿಂತ ಮೊದ್ಲ ಒಂದು ಪತ್ರ ಬರದು ಕೊಡ್ತೀನ್ರಿ, ಅಲ್ಲಿ ಡಾಕ್ಟರಿಗೆ ಅದು ಬೇಕಾಗ್ತದ" ಎಂದರು. ಈ ಒಂದು ಪುಟದ ಪತ್ರಕ್ಕೆ ಬದಲಾಗಿ ಇಡೀ ಫೈಲನ್ನೇ ಕೊಡುತ್ತೇನೆಂದರೂ ನಾನು ಒಪ್ಪುವುದಿಲ್ಲ.

ಪತ್ರದಲ್ಲಿ ಇದ್ದದ್ದಿಷ್ಟು. ಫಿಟ್ಸ್ ಬಂದ ದಿನಾಂಕ ಮತ್ತು ಆಗಿನ ಜ್ವರದ ಪ್ರಮಾಣ. ಅದು ಇಡೀ ದೇಹಕ್ಕೆ ಬಂದು ಎರಡು ನಿಮಿಷದೊಳಗೆ ತಾನಾಗಿಯೇ ನಿಂತದ್ದು. 24 ಗಂಟೆಗಳಲ್ಲಿ ಮರುಕಳಿಸದೆ ಇದ್ದದ್ದು. ಚಿಕ್ಕಂದಿನಲ್ಲಿ ತಂದೆಗೂ ಹೀಗೆ ಆಗಿದ್ದದ್ದು. ಬೆಳವಣಿಗೆ ಸಹಜವಾಗಿರುವುದರಿಂದ ಇದನ್ನು ಸಾಧಾರಣ ಜ್ವರದ ಫಿಟ್ಸ್ ಎಂದು ಪರಿಗಣಿಸಿ ಇಇಜಿ ಬೇಡವೆಂದು ನಿರ್ಧರಿಸಿದ್ದು. ಜ್ವರ ಬಂದ ಮೊದಲ ಕೆಲವು ದಿನಗಳಿಗೆ ಮಾತ್ರ ತೂಕಕ್ಕೆ ತಕ್ಕಂತೆ ಮಾತ್ರೆ ಕೊಡಲು ಹೇಳಿದ್ದು. ಕೊನೆಯಲ್ಲಿ ಅವರ ನೋಂದಣಿ ಸಂಖ್ಯೆ, ಮೊಹರು ಮತ್ತು ಸಂಜೆ ಕರೆ ಮಾಡಬಹುದಾದ ದೂರವಾಣಿ ಸಂಖ್ಯೆ ಇದ್ದವು. ಮೈಸೂರಿನ ವೈದ್ಯರು ಅದನ್ನು ಓದಿ, ಬೇರೆ ಪರೀಕ್ಷೆಗಳನ್ನು ಬರೆಯದೆ, ಮುಂದೆ ಫಿಟ್ಸ್ ಐದು ನಿಮಿಷ ಮೀರಿದರೆ ಏನು ಮಾಡಬೇಕೆಂಬುದನ್ನು ನಮಗೆ ನಿಧಾನವಾಗಿ ವಿವರಿಸಿದರು. ಮಗುವಿಗೆ ಉಬ್ಬಸವಿರಲಿ, ಹೃದಯದಲ್ಲಿ ಸಣ್ಣ ರಂಧ್ರವಿರಲಿ, ಥೈರಾಯ್ಡ್ ಮಾತ್ರೆಯಿರಲಿ, ಇಂಥ ಪತ್ರವೊಂದನ್ನು ಬಾಯಿಬಿಟ್ಟು ಕೇಳಲು ಯಾರೂ ಸಂಕೋಚಪಡಬಾರದು. ವೈದ್ಯರು ಬಿಡುವಿಲ್ಲದವರಾದರೆ ನಾವೇ ಘಟನೆಗಳನ್ನು ದಿನಾಂಕವಾರು ಬರೆದುಕೊಂಡು ಹೋಗಿ, ತಿದ್ದಿ ಸಹಿ ಮಾಡಿಕೊಡುವಂತೆ ಕೋರಬಹುದು.

ಹೆರಿಗೆಯಾದ ಆಸ್ಪತ್ರೆಯ ದಾಖಲೆಗಳ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಮಗಳು 32 ವಾರಕ್ಕೇ ಹುಟ್ಟಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇದ್ದವಳು. ನಮ್ಮ ಬಳಿ ಡಿಸ್ಚಾರ್ಜ್ ಸಮರಿ ಮಾತ್ರ ಇತ್ತು. ತಲೆಯ ಅಲ್ಟ್ರಾಸೌಂಡ್ ವರದಿ, ಕಿವಿ ಕೇಳಿಸುವ ಬೆರಾ ಪರೀಕ್ಷೆಯ ಫಲಿತಾಂಶ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಮಾಡುವ ರೆಟಿನಾ ತಪಾಸಣೆಯ ಕೊನೆಯ ವರದಿ ಇವೆಲ್ಲ ಆಸ್ಪತ್ರೆಯ ಕಡತದಲ್ಲಿದ್ದವು. ಒಳರೋಗಿಯ ದಾಖಲೆಗೆ 3 ವರ್ಷದ ಗಡುವು ಎಂದು ಮೇಲೆ ಹೇಳಿದೆನಲ್ಲ, ಅದನ್ನು ಇಲ್ಲಿ ನೆನಪಿಡಬೇಕು. ಹಲವು ಆಸ್ಪತ್ರೆಗಳು ಹೆಚ್ಚು ಕಾಲ ಇಡುವುದುಂಟು, ಆದರೆ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಹುಟ್ಟಿದಾಗ ಎನ್‌ಐಸಿಯುನಲ್ಲಿದ್ದ ಮಗುವಿನ ದಾಖಲೆಗಳನ್ನು ಮೂರನೆಯ ಹುಟ್ಟುಹಬ್ಬಕ್ಕೆ ಮೊದಲೇ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಕೌಂಟರಿನಲ್ಲಿ ಎದುರಾದ ಮೊದಲ ತೊಡಕು ಹೆಸರಿನದು. ಹುಟ್ಟಿದಾಗ ಮಗುವಿಗೆ ಹೆಸರಿರುವುದಿಲ್ಲವಾದ್ದರಿಂದ ಕೈಗೆ ಕಟ್ಟುವ ಪಟ್ಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವೂ 'ಬೇಬಿ ಆಫ್' ಎಂಬುದರ ಮುಂದೆ ತಾಯಿಯ ಹೆಸರು ಹಾಕಿ ದಾಖಲಾಗಿರುತ್ತವೆ. ಈಗಿನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಡಿಸ್ಚಾರ್ಜ್ ಸಮರಿಯ ಮೇಲಿನ ಐಪಿ (ಒಳರೋಗಿ) ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು, ತಾಯಿಯ ಗುರುತಿನ ಚೀಟಿ ಹಾಗೂ ಮಗುವಿನ ಹೆಸರು ಸೇರಿಸಿದ ಜನನ ಪ್ರಮಾಣಪತ್ರ ಜೊತೆಗಿದ್ದರೆ ಎರಡೂ ಹೆಸರು ಒಂದೇ ಮಗುವಿನದೆಂದು ತೋರಿಸಲು ಸಾಧ್ಯ. ಎರಡನೆಯ ತೊಡಕು, "ಫೈಲ್ ಹೊರಗಡೆ ಕೊಡಂಗಿಲ್ರಿ, ಸಮರಿ ಕೊಟ್ಟೀವಲ್ಲ" ಎಂಬ ಉತ್ತರ. ಮೂಲ ಫೈಲನ್ನು ಅವರು ಇಟ್ಟುಕೊಳ್ಳುವುದು ಸರಿ, ನಾವು ಕೇಳುತ್ತಿದ್ದದ್ದು ಪ್ರತಿಯನ್ನು. ರೋಗಿ ಅಥವಾ ಅವರ ಪರವಾದವರು ದಾಖಲೆ ಕೋರಿದರೆ ಅದಕ್ಕೆ ಸ್ವೀಕೃತಿ ನೀಡಿ 72 ಗಂಟೆಗಳ ಒಳಗೆ ದಾಖಲೆಗಳನ್ನು ಕೊಡಬೇಕೆಂದು ಅದೇ 2002ರ ನಿಯಮಾವಳಿ ಹೇಳುತ್ತದೆ. ನಾನು ಬಾಯಿಮಾತಿನ ಕೋರಿಕೆಯನ್ನು ಅಲ್ಲಿಗೇ ಬಿಟ್ಟು, ವೈದ್ಯಕೀಯ ದಾಖಲೆ ವಿಭಾಗದ ಹೆಸರಿಗೆ ಅರ್ಜಿ ಬರೆದು, ಬೇಕಾದ ವರದಿಗಳನ್ನು ಒಂದೊಂದಾಗಿ ಹೆಸರಿಸಿ, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಂಡೆ. ಮೊಹರು ಬಿದ್ದ ಮೇಲೆ ಮಾತಿನ ಧಾಟಿ ಬದಲಾಯಿತು, ಜೆರಾಕ್ಸ್ ಖರ್ಚು ಕಟ್ಟಿಸಿಕೊಂಡು ಅವಧಿಯೊಳಗೇ ಕೊಟ್ಟರು. ನವಜಾತ ಶಿಶುವಿನ ದಾಖಲೆಗಾಗಿ ಮನೆಯವರು ಇಷ್ಟೊಂದು ಪಟ್ಟುಹಿಡಿಯಬೇಕಾದ ಪರಿಸ್ಥಿತಿ ಇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಸಿಕೆಯ ದಾಖಲೆ ಎಲ್ಲರ ಬಳಿಯೂ ಇರುತ್ತದೆ, ಆದರೆ ಅನೇಕ ಮನೆಗಳಲ್ಲಿ ಅದು ಎರಡು ಪುಸ್ತಕಗಳಲ್ಲಿ ಹಂಚಿಹೋಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಅಂಗನವಾಡಿಯಲ್ಲಿಯೋ ಹಾಕಿಸಿದ್ದು ತಾಯಿ ಕಾರ್ಡಿನಲ್ಲಿದ್ದರೆ, ಖಾಸಗಿಯಾಗಿ ಹಾಕಿಸಿದ ಟೈಫಾಯ್ಡ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಲಸಿಕೆಗಳು ಕ್ಲಿನಿಕ್ಕಿನ ಪುಸ್ತಕದಲ್ಲಿರುತ್ತವೆ. ಹೊಸ ವೈದ್ಯರಿಗೆ ಎರಡನ್ನೂ ಒಟ್ಟಿಗೆ ತೋರಿಸಬೇಕು. ಒಂಬತ್ತು ತಿಂಗಳಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾದ ಎಂಆರ್ ಲಸಿಕೆ. ಖಾಸಗಿಯಲ್ಲಿ ಸಾಮಾನ್ಯವಾಗಿ ಹಾಕುವ ಎಂಎಂಆರ್‌ನಲ್ಲಿ ಮಂಗನಬಾವಿನ ರಕ್ಷಣೆಯೂ ಸೇರಿರುತ್ತದೆ. ಅವಸರದ ಕೈಬರಹದಲ್ಲಿ ಇವೆರಡರ ವ್ಯತ್ಯಾಸ ಒಂದೇ ಅಕ್ಷರದ್ದು. ನಮ್ಮ ಕ್ಲಿನಿಕ್ಕಿನ ಪುಸ್ತಕದಲ್ಲಿ ಪ್ರತಿ ಸಾಲಿನ ಮುಂದೆ ಲಸಿಕೆಯ ಸೀಸೆಯಿಂದ ಕಿತ್ತ ಪುಟ್ಟ ಚೀಟಿಯನ್ನು, ಬ್ಯಾಚ್ ಸಂಖ್ಯೆ ಕಾಣುವಂತೆ, ಅಂಟಿಸಿದ್ದರು; ಅಂಥ ಕಡೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಲಿಖಿತ ದಾಖಲೆ ಇಲ್ಲದಿದ್ದರೆ ಲಸಿಕೆ ಆಗಿಲ್ಲವೆಂದೇ ಭಾವಿಸಿ ಮತ್ತೆ ಹಾಕುವುದು ವೈದ್ಯರ ವಾಡಿಕೆ. ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲವಾದರೂ ಮಗುವಿಗೆ ಬೇಡದ ನೋವು, ನಮಗೆ ಖರ್ಚು.

ಅಮೆರಿಕಕ್ಕೆ ಹೋಗುವ ಕುಟುಂಬಗಳು ಇದರಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಅಲ್ಲಿ ತಿಂಗಳನ್ನು ಮೊದಲು ಬರೆಯುವ ರೂಢಿಯಿರುವುದರಿಂದ ನಮ್ಮ 05-08-2022 ಎಂಬುದನ್ನು ಮೇ 8 ಎಂದು ಓದಿಬಿಡಬಹುದು, ಎರಡು ಡೋಸುಗಳ ಅಂತರವೇ ತಪ್ಪಾಗಿ ಕಾಣಬಹುದು. ಹೊರಡುವ ಮೊದಲು ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿದ ಲಸಿಕೆಯ ಪಟ್ಟಿಯೊಂದನ್ನು ವೈದ್ಯರಿಂದ ಸಹಿ ಮಾಡಿಸಿಕೊಳ್ಳಬೇಕು. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿರುವುದನ್ನು ಅದರಲ್ಲಿ ಎದ್ದು ಕಾಣುವಂತೆ ಬರೆಸಿ, ಏಕೆಂದರೆ ಅಲ್ಲಿ ಮಕ್ಕಳಿಗೆ ಬಿಸಿಜಿಯನ್ನು ವಾಡಿಕೆಯಾಗಿ ಹಾಕುವುದಿಲ್ಲ ಮತ್ತು ಅದು ಕ್ಷಯದ ಚರ್ಮ ಪರೀಕ್ಷೆಯ ಫಲಿತಾಂಶದ ಮೇಲೆ ಪರಿಣಾಮ ಬೀರಬಲ್ಲದು.

ಔಷಧದ ಅಲರ್ಜಿ ಇದ್ದರೆ ಅದನ್ನು ಕಂಪನಿಯ ಹೆಸರಿನಲ್ಲಿ ಬರೆಯದೆ ಔಷಧದ ಮೂಲ ಹೆಸರಿನಲ್ಲಿ ಬರೆದುಕೊಳ್ಳಬೇಕು; ಒಂದೇ ಆಮಾಕ್ಸಿಸಿಲಿನ್ ಹತ್ತಾರು ಹೆಸರುಗಳಲ್ಲಿ ಬರುತ್ತದೆ. ತೂಕ ಮತ್ತು ಎತ್ತರದ ಅಂಕಿಗಳನ್ನು ದಿನಾಂಕದೊಂದಿಗೆ ಒಂದೇ ಹಾಳೆಗೆ ಇಳಿಸಿಕೊಂಡರೆ ವೈದ್ಯರು ಅದನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರಕ್ಕೆ ಹುಟ್ಟಿತೆಂಬುದೂ ಆ ಹಾಳೆಯ ಮೇಲ್ಭಾಗದಲ್ಲಿರಲಿ. ಮೊದಲ ಎರಡು ವರ್ಷಗಳ ಅಂಕಿಗಳನ್ನು, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಬೇಕಾಗುತ್ತದೆ, ಇಲ್ಲದಿದ್ದರೆ ಸರಿಯಾಗಿಯೇ ಬೆಳೆದ ಮಗು ಹಿಂದುಳಿದಂತೆ ಕಾಣುತ್ತದೆ.

ಕಾಗದಗಳನ್ನು ಕಾಪಾಡುವ ಬಗ್ಗೆ ಒಂದೆರಡು ಮಾತು. ಅಲ್ಟ್ರಾಸೌಂಡ್ ಮತ್ತು ಇಸಿಜಿ ಯಂತ್ರಗಳಿಂದ ಬರುವ ನುಣುಪಾದ ಥರ್ಮಲ್ ಕಾಗದದ ಮೇಲಿನ ಅಚ್ಚು ಕಾಲಕ್ರಮೇಣ ಮಸುಕಾಗುತ್ತದೆ, ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗಿಬಿಡುತ್ತದೆ. ಅವುಗಳನ್ನು ಆದಷ್ಟು ಬೇಗ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಡಬೇಕು. 2021ರಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಸಿಗುವ 14 ಅಂಕಿಗಳ ಆಭಾ ಸಂಖ್ಯೆಗೆ ದಾಖಲೆಗಳನ್ನು ಜೋಡಿಸಿ, ನಮ್ಮ ಒಪ್ಪಿಗೆಯ ಮೇರೆಗೆ ಬೇರೊಬ್ಬ ವೈದ್ಯರಿಗೆ ತೋರಿಸುವ ವ್ಯವಸ್ಥೆ ಇದೆ. ಆದರೆ ಆಸ್ಪತ್ರೆ ಅಥವಾ ಕ್ಲಿನಿಕ್ ಆ ಜಾಲಕ್ಕೆ ಸೇರಿದ್ದರೆ ಮಾತ್ರ ಅಲ್ಲಿನ ದಾಖಲೆಗಳು ತಾವಾಗಿ ಬಂದು ಸೇರುತ್ತವೆ. ಹಿಂದಿನ ಕೈಬರಹದ ಚೀಟಿಗಳನ್ನು ನಾವೇ ಏರಿಸಬೇಕು.

ಮೈಸೂರಿನ ಮೊದಲ ಭೇಟಿಗೆ ನಾನು ಇಡೀ ಫೈಲನ್ನು ಒಯ್ದಿದ್ದೆನಾದರೂ ಮೇಜಿನ ಮೇಲೆ ಇಟ್ಟದ್ದು ಮೇಡಂ ಅವರ ಪತ್ರ, ಡಿಸ್ಚಾರ್ಜ್ ಸಮರಿ, ಎರಡೂ ಲಸಿಕೆ ಪುಸ್ತಕಗಳು ಮತ್ತು ತೂಕದ ಹಾಳೆ. ಉಳಿದವುಗಳನ್ನು ಕೇಳಿದಾಗ ತೆಗೆದುಕೊಟ್ಟೆ. ಅವರಿಗೆ ಬಿಟ್ಟುಬಂದದ್ದು ಜೆರಾಕ್ಸ್ ಪ್ರತಿಗಳನ್ನು ಮಾತ್ರ. ರೆಟಿನಾ ತಪಾಸಣೆಯ ಕೊನೆಯ ವರದಿಯನ್ನು ಓದಿದ ಅವರು, ಇಂಥ ಮಕ್ಕಳಿಗೆ ಮುಂದೆ ಕನ್ನಡಕದ ಅಗತ್ಯ ಬರುವ ಸಂಭವ ಹೆಚ್ಚಿರುವುದರಿಂದ ಶಾಲೆಗೆ ಸೇರಿಸುವ ಮೊದಲು ಮತ್ತೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು.